ಆರ್-22 ಬೇಡ, ಹಾಗಾದರೆ ಯಾವುದು ಬೇಕು? ನಮ್ಮ ಸಂಸ್ಥೆಯ ಎಸಿಗಳನ್ನು ಬದಲಾಯಿಸಿದ ಅನುಭವ

ನಾನು ಕೆಲಸ ಮಾಡುವ ಸಂಸ್ಥೆಯಲ್ಲಿ ಹೊಸ ಖರೀದಿ ನಿಯಮ ಈಗಷ್ಟೇ ಜಾರಿಗೆ ಬಂದಿದೆ. ಇನ್ನು ಮುಂದೆ ಎಸಿ, ಫ್ರಿಜ್, ವಾಟರ್ ಕೂಲರ್ ಯಾವುದೇ ಕೊಂಡರೂ ಅದರಲ್ಲಿ ಯಾವ ಗ್ಯಾಸ್ ಇದೆ ಅನ್ನೋದು ಕೊಟೇಶನ್‌ನಲ್ಲೇ ಇರಬೇಕು. ಓಜೋನ್ ಪದರಕ್ಕೆ ಹಾನಿ ಮಾಡುವ ಗ್ಯಾಸ್ ಇದ್ದರೆ ಆ ಕೊಟೇಶನ್ ಅಲ್ಲಿಗೇ ಬದಿಗೆ. ಹಳೇ ಯಂತ್ರ ಬಿಚ್ಚುವಾಗ ಗ್ಯಾಸನ್ನು ಗಾಳಿಗೆ ಬಿಡುವ ಹಾಗಿಲ್ಲ, ಸಿಲಿಂಡರಿಗೆ ಹಿಡಿದಿಡಬೇಕು. ಓದೋಕೆ ಅರ್ಧ ಪುಟ ಇಲ್ಲ. ಇಷ್ಟನ್ನು ಬರೆಸೋಕೆ ನಾವು ಕೆಲವರು ಒಂದು ವರ್ಷಕ್ಕಿಂತ ಜಾಸ್ತಿ ಓಡಾಡಿದ್ದೇವೆ.

ಬೇರೆ ಕಡೆ ಇದೇ ಕೆಲಸಕ್ಕೆ ಕೈ ಹಾಕಿದವರು ಫೋನ್ ಮಾಡಿ ಕೇಳುತ್ತಿರುತ್ತಾರೆ. ಎಲ್ಲರಿಗೂ ಅದನ್ನೇ ಮತ್ತೆ ಮತ್ತೆ ಹೇಳುವ ಬದಲು ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೇನೆ. ನಾನು ವಿಜ್ಞಾನಿ ಅಲ್ಲ, ಎಸಿ ಮೆಕ್ಯಾನಿಕ್ಕೂ ಅಲ್ಲ. ಕಚೇರಿ ಕೆಲಸದವಳು.

ಎಲ್ಲ ಶುರುವಾದದ್ದು ಒಂದು ಬಿಲ್‌ನಿಂದ. ನಮ್ಮ ಗ್ರಂಥಾಲಯದ ಎಸಿಗೆ ಪ್ರತಿ ಬೇಸಿಗೆಯಲ್ಲೂ ‘ಗ್ಯಾಸ್ ಚಾರ್ಜಿಂಗ್’ ಅಂತ ಬಿಲ್ ಬರುತ್ತಿತ್ತು. ಆ ಬಿಲ್‌ಗಳು ನನ್ನ ಮೇಜಿನ ಮೇಲೇ ಹಾದು ಹೋಗುತ್ತಿದ್ದವು. ಎಸಿಯ ಗ್ಯಾಸ್ ಅಂದರೆ ಗಾಡಿಯ ಪೆಟ್ರೋಲ್ ಥರ ಖರ್ಚಾಗುವ ವಸ್ತು ಅಲ್ಲ. ಕಂಪ್ರೆಸರ್‌ನಿಂದ ಹೊರಟು ಪೈಪಿನೊಳಗೆ ಸುತ್ತಿ ಮತ್ತೆ ಕಂಪ್ರೆಸರ್‌ಗೇ ಬರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಲೀಕ್ ಇದೆ ಅಂತಲೇ ಅರ್ಥ. ಹಾಗಾದರೆ ವರ್ಷ ವರ್ಷ ನಾವು ತುಂಬಿಸುತ್ತಿದ್ದ ಗ್ಯಾಸ್ ಹೋಗುತ್ತಿದ್ದದ್ದು ಎಲ್ಲಿಗೆ? ಬಿಲ್‌ನಲ್ಲಿ ಬರೆದಿದ್ದ ‘ಆರ್-22’ ಅನ್ನೋ ಹೆಸರು ಹಿಡಿದುಕೊಂಡು ಹುಡುಕಿದಾಗ ವಿಷಯ ಗೊತ್ತಾಯ್ತು.

ಆರ್-22 ಎಚ್‌ಸಿಎಫ್‌ಸಿ (ಹೈಡ್ರೊಕ್ಲೋರೊಫ್ಲೋರೊಕಾರ್ಬನ್) ಗುಂಪಿಗೆ ಸೇರಿದ್ದು. ಅದರಲ್ಲಿ ಕ್ಲೋರಿನ್ ಇದೆ. ಮೇಲಕ್ಕೆ ಹೋದ ಮೇಲೆ ನೇರಳಾತೀತ ಕಿರಣ ತಾಗಿ ಕ್ಲೋರಿನ್ ಬಿಡುಗಡೆಯಾಗುತ್ತದೆ, ಅದು ಓಜೋನ್ ಅಣುಗಳನ್ನು ಒಂದಾದ ಮೇಲೊಂದು ಒಡೆಯುತ್ತಾ ಹೋಗುತ್ತದೆ. ಇದನ್ನು ಮೊದಲು ಹೇಳಿದವರು ಮರಿಯೊ ಮೊಲಿನಾ ಮತ್ತು ಶೆರ್ವುಡ್ ರೋಲೆಂಡ್, 1974ರಲ್ಲಿ, ಸಿಎಫ್‌ಸಿಗಳ ಬಗ್ಗೆ, ಅಂದರೆ ಆಗ ಫ್ರಿಜ್‌ಗಳಲ್ಲಿ ಬಳಸುತ್ತಿದ್ದ ಕ್ಲೋರಿನ್ ಇರುವ ಗ್ಯಾಸ್‌ಗಳ ಬಗ್ಗೆ. ಅಂಟಾರ್ಕ್ಟಿಕಾದ ಮೇಲೆ ಓಜೋನ್ ರಂಧ್ರ ಇರುವ ಸುದ್ದಿ ಬಂದದ್ದು 1985ರಲ್ಲಿ. ಓಜೋನ್‌ಗೆ ಹಾನಿ ಮಾಡುವ ಗ್ಯಾಸ್‌ಗಳನ್ನು ಇಳಿಸಲು 1987ರ ಸೆಪ್ಟೆಂಬರ್ 16ರಂದು ದೇಶಗಳ ನಡುವೆ ಮಾಂಟ್ರಿಯಲ್ ಒಪ್ಪಂದವಾಯ್ತು. ಸಿಎಫ್‌ಸಿ ಹೋಯ್ತು, ಅದರ ಜಾಗಕ್ಕೆ ‘ಸದ್ಯಕ್ಕೆ ಇದಿರಲಿ’ ಅಂತ ಬಂದದ್ದೇ ಎಚ್‌ಸಿಎಫ್‌ಸಿ. ಓಜೋನ್ ಹಾನಿಯ ಲೆಕ್ಕಕ್ಕೆ ಓಡಿಪಿ ಅಂತ ಒಂದು ಅಂಕ ಇದೆ. ಸಿಎಫ್‌ಸಿ-11ಕ್ಕೆ 1 ಅಂತ ಇಟ್ಟುಕೊಂಡರೆ ಆರ್-22ಕ್ಕೆ 0.055. ಕಡಿಮೆಯೇ. ಆದರೆ ಆ ‘ಸದ್ಯಕ್ಕೆ’ ಎಷ್ಟು ವರ್ಷ ನಡೆಯಿತು ಅನ್ನೋದು ನಮ್ಮ ಗ್ರಂಥಾಲಯದ ಗೋಡೆ ನೋಡಿದರೇ ಗೊತ್ತಾಗುತ್ತೆ. ಶ್ರೀಮಂತ ದೇಶಗಳಿಗೆ ಎಚ್‌ಸಿಎಫ್‌ಸಿ ನಿಲ್ಲಿಸಲು 2020ರ ಗಡುವು ಇತ್ತು, ಅಭಿವೃದ್ಧಿಶೀಲ ದೇಶಗಳಿಗೆ 2030ರದ್ದು. ಹಳೇ ಯಂತ್ರಗಳ ಸರ್ವಿಸ್‌ಗೆ ಅಂತ ಆಮೇಲೂ ಸ್ವಲ್ಪ ವಿನಾಯಿತಿ ಇದೆ.

ಮೊದಲ ಕೆಲಸ: ಪಟ್ಟಿ

ಯಾರಿಗಾದರೂ ಪತ್ರ ಬರೆಯೋ ಮೊದಲು ಪಟ್ಟಿ ಮಾಡಿ. ಎಷ್ಟು ಯಂತ್ರ ಇದೆ, ಎಲ್ಲಿದೆ, ಯಾವ ಗ್ಯಾಸ್, ಎಷ್ಟು ಕಿಲೋ. ಇದಿಲ್ಲದೆ ಹೋದರೆ ‘ಪರಿಸರ ಕಾಳಜಿ ಒಳ್ಳೇದು, ನೋಡೋಣ’ ಅನ್ನೋ ಉತ್ತರ ಸಿಗುತ್ತೆ. ಆ ಉತ್ತರಕ್ಕೆ ಮರುಪ್ರಶ್ನೆ ಹಾಕೋಕೆ ಆಗಲ್ಲ, ಅಲ್ವಾ?

ಗ್ಯಾಸಿನ ಹೆಸರು, ತೂಕ ಎರಡೂ ನೇಮ್ ಪ್ಲೇಟಿನಲ್ಲಿ ಇರುತ್ತವೆ. ಸ್ಪ್ಲಿಟ್ ಎಸಿಯಾದರೆ ಹೊರಗಿನ ಯೂನಿಟ್‌ನ ಪಕ್ಕದಲ್ಲಿ, ಫ್ರಿಜ್ ಆದರೆ ಒಳಗೆ ಬಾಗಿಲ ಹತ್ತಿರ ಅಥವಾ ಹಿಂದೆ ಕಂಪ್ರೆಸರ್ ಪಕ್ಕ. ನಮ್ಮಲ್ಲಿ ಹೊರಗಿನ ಯೂನಿಟ್‌ಗಳು ಬಿಸಿಲು ಮಳೆಗೆ ನಿಂತು ನಿಂತು ಸುಮಾರು ಪ್ಲೇಟ್‌ಗಳ ಅಕ್ಷರ ಅಳಿಸಿಹೋಗಿದ್ದವು. ಒದ್ದೆ ಬಟ್ಟೆಯಲ್ಲಿ ಒರೆಸಿ, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದರೆ ಒತ್ತಿದ ಅಕ್ಷರದ ನೆರಳು ಕಾಣುತ್ತೆ. ಹಾಗೇ ಫೋಟೊ ತೆಗೆದುಕೊಳ್ಳಿ. ಗೋಡೆಯಾಚೆ ಸಜ್ಜದ ಮೇಲೆ ಇರುವ ಯೂನಿಟ್‌ಗೆ ನೀವೇ ಹತ್ತಬೇಡಿ. ಸರ್ವಿಸ್‌ಗೆ ಬರುವ ಮೆಕ್ಯಾನಿಕ್‌ಗೆ ಹೇಳಿದರೆ ಹೇಗೂ ಹತ್ತಿರುತ್ತಾರೆ, ಒಂದು ಫೋಟೊ ತೆಗೆದು ಕೊಡ್ತಾರೆ. ನಮಗೆ ಹಾಗೇ ಆಯ್ತು.

ಇನ್ನೊಂದು ಮುಖ್ಯ ದಾಖಲೆ ಹಳೇ ಸರ್ವಿಸ್ ಬಿಲ್. ಯಾವ ಯಂತ್ರಕ್ಕೆ ಯಾವ ವರ್ಷ ಗ್ಯಾಸ್ ತುಂಬಿದ್ದಾರೆ ಅನ್ನೋದು ಅಲ್ಲಿರುತ್ತೆ. ಅದನ್ನೆಲ್ಲ ಕೂಡಿಸಿದರೆ ನಿಮ್ಮ ಕಟ್ಟಡದಿಂದ ಎಷ್ಟು ಗ್ಯಾಸ್ ಹೊರಗೆ ಹೋಗಿದೆ ಅಂತ ಸಿಗುತ್ತೆ. ಇದನ್ನು ಕೂಡಿಸಿ ನೋಡಿದಾಗ ನನಗೆ ಬೇಜಾರಾಯ್ತು, ಸಿಟ್ಟೂ ಬಂತು. ಕೆಲವು ಯಂತ್ರಗಳಿಗೆ ಅವು ಹಿಡಿಯುವಷ್ಟೇ ಗ್ಯಾಸನ್ನು ಮತ್ತೊಮ್ಮೆ ತುಂಬಿಸಿದ್ದೆವು. ಲೀಕ್ ಎಲ್ಲಿದೆ ಅಂತ ಸೋಪ್ ನೀರು ಹಚ್ಚಿ ನೋಡಿದ ದಾಖಲೆ ಒಂದೂ ಇರಲಿಲ್ಲ.

ಪಟ್ಟಿಗೆ ಇನ್ನೊಂದು ಕಾಲಂ ಸೇರಿಸಿ: ಜಿಡಬ್ಲ್ಯೂಪಿ. ಅಂದರೆ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಎಷ್ಟು ಪಟ್ಟು ಜಾಸ್ತಿ ಭೂಮಿಯನ್ನು ಬಿಸಿ ಮಾಡುತ್ತೆ ಅಂತ. ಆರ್-22ಕ್ಕೆ 1810. ಒಂದೂವರೆ ಕಿಲೋ ಸೋರಿತು ಅಂದರೆ 2,715 ಕಿಲೋ ಇಂಗಾಲದ ಡೈಆಕ್ಸೈಡ್ ಬಿಟ್ಟ ಹಾಗೆ. ಓಜೋನ್ ಅಂದರೆ ತಲೆ ಕೆರೆದುಕೊಳ್ಳೋ ಲೆಕ್ಕಪತ್ರದವರಿಗೆ ಈ ಸಂಖ್ಯೆ ತಕ್ಷಣ ಅರ್ಥವಾಗುತ್ತೆ.

ಪಟ್ಟಿ ಮಾಡುವಾಗ ನಿರೀಕ್ಷೆ ಇಲ್ಲದ್ದು ಒಂದು ಸಿಕ್ಕಿತು. ಸರ್ವರ್ ಕೋಣೆಯ ಮೂಲೆಯಲ್ಲಿ, ಹಳೇ ಕೇಬಲ್ ಸುರುಳಿಗಳ ಹಿಂದೆ, ಬೆಂಕಿ ಆರಿಸುವ ದೊಡ್ಡ ಸಿಲಿಂಡರ್. ಮೇಲೆ ‘ಹಾಲಾನ್ 1301’. ಇದರ ಓಡಿಪಿ 10, ಅಂದರೆ ಆರ್-22ರ ಮುಂದೆ ಎಲ್ಲೋ ಇದೆ. ಇದರಲ್ಲಿ ಕ್ಲೋರಿನ್ ಬದಲು ಬ್ರೋಮಿನ್ ಇರುತ್ತೆ, ಅದು ಓಜೋನ್‌ಗೆ ಇನ್ನೂ ಕೆಟ್ಟದ್ದು. ಹೊಸದಾಗಿ ತಯಾರಿಸುವುದು ಶ್ರೀಮಂತ ದೇಶಗಳಲ್ಲಿ 1994ಕ್ಕೇ ನಿಂತಿತು, ಉಳಿದ ಕಡೆ 2010ಕ್ಕೆ. ನಮ್ಮಲ್ಲಿ ಇದ್ದದ್ದು ಅದಕ್ಕೂ ಮೊದಲಿನದು. ಇದರ ಕಥೆ ಮುಂದೆ ಹೇಳುತ್ತೇನೆ. ನಿಮ್ಮಲ್ಲಿ ಸರ್ವರ್ ಕೋಣೆ ಅಥವಾ ಹಳೇ ಕಡತಗಳ ಕೋಣೆ ಇದ್ದರೆ ಮರೆಯದೆ ಹೋಗಿ ನೋಡಿ.

‘ನಮ್ಮದೆಲ್ಲ ಓಜೋನ್ ಫ್ರೆಂಡ್ಲಿ’

ಪಟ್ಟಿ, ಫೋಟೊ, ಬಿಲ್‌ಗಳ ಪ್ರತಿ ಎಲ್ಲ ಸೇರಿಸಿ ಆಡಳಿತ ವಿಭಾಗಕ್ಕೆ ಅರ್ಜಿ ಕೊಟ್ಟೆವು. ಕೊಟ್ಟ ಕೂಡಲೇ ಸ್ವೀಕೃತಿ ಸಂಖ್ಯೆ ಬರೆಸಿಕೊಳ್ಳಿ. ಬಾಯಿಮಾತಿನಲ್ಲಿ ಹೇಳಿ ಬಂದದ್ದು ಹೇಳಿದವರ ಹತ್ತಿರವೇ ಉಳಿಯುತ್ತೆ.

ಆಮೇಲೆ ಕಾಯುವುದು. ಕಡತ ಖರೀದಿ ವಿಭಾಗಕ್ಕೆ ಹೋಗಿದೆ ಅಂದರು. ಖರೀದಿಯವರು ನಿರ್ವಹಣಾ ವಿಭಾಗದ ಅಭಿಪ್ರಾಯ ಕೇಳಿದ್ದೇವೆ ಅಂದರು. ನಿರ್ವಹಣೆಯವರಿಗೆ ಕಡತ ತಲುಪಿಯೇ ಇರಲಿಲ್ಲ. ಕ್ಯಾಂಟೀನಿನಲ್ಲಿ ನನ್ನನ್ನು ಕಂಡರೆ ‘ಗ್ಯಾಸ್ ಮೇಡಂ ಬಂದ್ರು’ ಅಂತ ನಗೋಕೆ ಶುರು ಮಾಡಿದ್ದರು. ಮೊದಮೊದಲು ನಾನೂ ನಕ್ಕೆ. ಸ್ವಲ್ಪ ದಿನ ಆದ ಮೇಲೆ ನಗು ಬರಲಿಲ್ಲ. ಇಂಥ ಕೆಲಸವನ್ನು ಒಬ್ಬರೇ ಹೊರಬೇಡಿ. ನನ್ನ ಜತೆ ಪ್ರಯೋಗಾಲಯದ ಒಬ್ಬರು, ವಿದ್ಯುತ್ ವಿಭಾಗದ ಒಬ್ಬರು ನಿಂತಿದ್ದರಿಂದ ನಡೆಯಿತು.

ಕೊನೆಗೆ ಬಂದ ಉತ್ತರ ಹೀಗಿತ್ತು: ಈಚೆಗೆ ಕೊಂಡ ಎಸಿಗಳೆಲ್ಲ ಓಜೋನ್ ಫ್ರೆಂಡ್ಲಿ, ಆದ್ದರಿಂದ ಕ್ರಮ ಬೇಕಿಲ್ಲ.

ಅದು ಸುಳ್ಳಲ್ಲ. ಹೊಸ ಎಸಿಗಳಲ್ಲಿ ಇದ್ದದ್ದು ಆರ್-410ಎ. ಅದರಲ್ಲಿ ಕ್ಲೋರಿನ್ ಇಲ್ಲ, ಓಡಿಪಿ ಸೊನ್ನೆ. ಡಬ್ಬದ ಮೇಲೆ ಹಸಿರು ಎಲೆಯ ಚಿತ್ರ ಬೇರೆ. ಆದರೆ ಅದರ ಜಿಡಬ್ಲ್ಯೂಪಿ 2088, ಆರ್-22ಕ್ಕಿಂತ ಜಾಸ್ತಿ! ಓಜೋನ್ ಉಳಿಸಲು ಹೋಗಿ ಭೂಮಿಯ ಬಿಸಿ ಹೆಚ್ಚಿಸಿಕೊಂಡ ಹಾಗೆ. ಪ್ರಪಂಚಕ್ಕೇ ಇದೇ ಆಯ್ತು, ನಮ್ಮ ಸಂಸ್ಥೆಯೊಂದನ್ನೇ ಬೈದು ಪ್ರಯೋಜನ ಇಲ್ಲ. ಸಿಎಫ್‌ಸಿ ಬದಲು ಎಚ್‌ಸಿಎಫ್‌ಸಿ, ಎಚ್‌ಸಿಎಫ್‌ಸಿ ಬದಲು ಎಚ್‌ಎಫ್‌ಸಿ, ಅಂದರೆ ಆರ್-410ಎ ಥರ ಕ್ಲೋರಿನ್ ಇಲ್ಲದ ಗ್ಯಾಸ್. ಕಡೆಗೆ ಎಚ್‌ಎಫ್‌ಸಿಗಳನ್ನೂ ಇಳಿಸಬೇಕು ಅಂತ 2016ರಲ್ಲಿ ಕಿಗಾಲಿಯಲ್ಲಿ ಅದೇ ಮಾಂಟ್ರಿಯಲ್ ಒಪ್ಪಂದಕ್ಕೆ ತಿದ್ದುಪಡಿ ಮಾಡಬೇಕಾಯ್ತು. 2019ರ ಜನವರಿಯಿಂದ ಅದು ಜಾರಿಯಲ್ಲಿದೆ.

ಹಾಗಾಗಿ ನಮ್ಮ ಎರಡನೇ ಅರ್ಜಿಯಲ್ಲಿ ಎರಡೂ ಅಂಕ ಕೇಳಿದೆವು. ಓಡಿಪಿ ಸೊನ್ನೆ ಇರಲೇಬೇಕು, ಜಿಡಬ್ಲ್ಯೂಪಿ ಆದಷ್ಟು ಕಡಿಮೆ ಇರಬೇಕು. ‘ಫ್ರೆಂಡ್ಲಿ’ ಅನ್ನೋ ಮಾತಿಗೆ ಜಾಗವೇ ಕೊಡಲಿಲ್ಲ. ಯಾರಾದರೂ ನಿಮಗೆ ಆ ಮಾತು ಹೇಳಿದರೆ ‘ಆರ್ ಎಷ್ಟು?’ ಅಂತ ಕೇಳಿ. ಸಂಖ್ಯೆ ಹೇಳಲೇಬೇಕಾಗುತ್ತೆ.

‘ಎಸಿಯೊಳಗೆ ಅಡುಗೆ ಗ್ಯಾಸ್ ಹಾಕ್ತೀರಾ?’

ಎರಡನೇ ಅರ್ಜಿ ನೋಡಿ ಸಂಸ್ಥೆಯ ಸಮಿತಿ ಮುಂದೆ ಕರೆದಾಗ ಅಧ್ಯಕ್ಷರು ಕೇಳಿದ್ದು ಒಂದೇ ಪ್ರಶ್ನೆ. “ಇದು ಬೇಡ, ಅದು ಬೇಡ ಅಂತೀರಿ. ಏನು ಬೇಕು ಅಂತ ಹೇಳಿ.”

ಈ ಪ್ರಶ್ನೆಗೆ ಉತ್ತರ ಇಲ್ಲದೆ ಹೋಗಿದ್ದರೆ ನಮ್ಮ ಕಥೆ ಅಲ್ಲೇ ಮುಗಿಯುತ್ತಿತ್ತು. ನಾವು ಕೊಟ್ಟ ಉತ್ತರ ಆರ್-290. ಅಂದರೆ ಶುದ್ಧ ಮಾಡಿದ ಪ್ರೊಪೇನ್. ಓಡಿಪಿ ಸೊನ್ನೆ, ಜಿಡಬ್ಲ್ಯೂಪಿ 3ರ ಆಸುಪಾಸು. ತಂಪು ಮಾಡುವುದರಲ್ಲೂ ಯಾವುದಕ್ಕೂ ಕಮ್ಮಿ ಇಲ್ಲ, ಗ್ಯಾಸ್ ತೂಕದಲ್ಲಿ ಅರ್ಧಕ್ಕಿಂತ ಕಡಿಮೆ ಸಾಕು.

ಸುರಕ್ಷತಾ ಅಧಿಕಾರಿ ಕುರ್ಚಿಯಲ್ಲಿ ಮುಂದಕ್ಕೆ ಬಂದರು. “ಎಸಿಯೊಳಗೆ ಅಡುಗೆ ಗ್ಯಾಸ್ ಹಾಕ್ತೀರಾ ಮೇಡಂ? ನಾಳೆ ಏನಾದ್ರೂ ಆದ್ರೆ ಸಹಿ ಹಾಕಿದವನು ನಾನು.”

ಅವರ ಭಯ ನ್ಯಾಯವಾದದ್ದೇ. ಆರ್-290 ಸುಲಭವಾಗಿ ಹೊತ್ತಿಕೊಳ್ಳುವ ಗ್ಯಾಸ್, ಸುರಕ್ಷತಾ ವರ್ಗೀಕರಣದಲ್ಲಿ ಎ3. ಅದನ್ನು ಮುಚ್ಚಿಟ್ಟು ಮಾತಾಡಿದರೆ ಮುಂದೆ ನಿಮ್ಮ ಯಾವ ಮಾತನ್ನೂ ಯಾರೂ ನಂಬಲ್ಲ. ನಾವು ಲೆಕ್ಕ ತೋರಿಸಿದೆವು. ಗಾಳಿಯಲ್ಲಿ ಪ್ರೊಪೇನ್ ಘನ ಮೀಟರಿಗೆ ಸುಮಾರು 38 ಗ್ರಾಂ ಸೇರಿದರೆ ಮಾತ್ರ ಹೊತ್ತಿಕೊಳ್ಳುತ್ತೆ. 5 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆ ಅಂದರೆ 60 ಘನ ಮೀಟರ್. ಅಲ್ಲಿನ ಎಸಿಯಲ್ಲಿ 350 ಗ್ರಾಂ ಗ್ಯಾಸ್ ಇದೆ, ಅಷ್ಟೂ ಒಂದೇ ಸಲ ಸೋರಿ ಕೋಣೆ ತುಂಬ ಹರಡಿತು ಅಂತ ಇಟ್ಟುಕೊಳ್ಳಿ. ಘನ ಮೀಟರಿಗೆ 6 ಗ್ರಾಂ ಕೂಡ ಆಗಲ್ಲ.

ಅವರು ಬಿಡಲಿಲ್ಲ. “ಪ್ರೊಪೇನ್ ಗಾಳಿಗಿಂತ ಭಾರ. ಹರಡಲ್ಲ, ನೆಲದಲ್ಲಿ ನಿಲ್ಲುತ್ತೆ” ಅಂದರು. ಸರಿಯಾದ ಮಾತು. ಅದಕ್ಕೇ ಕೋಣೆಯ ವಿಸ್ತೀರ್ಣಕ್ಕೆ ತಕ್ಕ ಹಾಗೆ ಇಷ್ಟೇ ಗ್ಯಾಸ್ ಇರಬೇಕು, ಒಳಗಿನ ಯೂನಿಟ್ ನೆಲದಿಂದ ಇಷ್ಟು ಎತ್ತರದಲ್ಲಿ ಇರಬೇಕು ಅಂತ ಅಂತರರಾಷ್ಟ್ರೀಯ ಮಾನದಂಡ ಇರೋದು. ಅದರ ಸಂಖ್ಯೆ ಐಇಸಿ 60335-2-40. ಎಸಿ ಬಗ್ಗೆ ಮಾತಾಡೋಕೆ ಹೋಗುವವರು ಈ ಸಂಖ್ಯೆ ಬರೆದಿಟ್ಟುಕೊಳ್ಳಿ, ಅಂಗಡಿ ಫ್ರಿಜ್ ಥರದವಕ್ಕೆ 60335-2-89. ಎಂಜಿನಿಯರುಗಳು ಮತ್ತು ಸುರಕ್ಷತೆಯವರ ಜತೆ ಮಾತಾಡುವಾಗ ನೂರು ಒಳ್ಳೆ ಮಾತಿಗಿಂತ ಮಾನದಂಡದ ಸಂಖ್ಯೆ ಕೆಲಸ ಮಾಡುತ್ತೆ.

ಆದರೂ ಗಾಳಿ ನಮ್ಮ ಕಡೆ ತಿರುಗಿದ್ದು ಲೆಕ್ಕದಿಂದ ಅಲ್ಲ. ಸಮಿತಿ ಕೋಣೆಯ ಪಕ್ಕದಲ್ಲೇ ಸಿಬ್ಬಂದಿಯ ಫ್ರಿಜ್ ಇದೆ. ಪಟ್ಟಿ ಮಾಡುವಾಗ ಅದರ ಪ್ಲೇಟ್ ಓದಿದ್ದೆವು. ಎಲ್ಲರನ್ನೂ ಕರೆದುಕೊಂಡು ಹೋಗಿ ಫ್ರಿಜ್ಜನ್ನು ಗೋಡೆಯಿಂದ ಸ್ವಲ್ಪ ಎಳೆದೆವು. ಕಂಪ್ರೆಸರ್ ಮೇಲೆ ಧೂಳು ಮೆತ್ತಿದ ಹಳದಿ ತ್ರಿಕೋನ, ಅದರೊಳಗೆ ಕಪ್ಪು ಜ್ವಾಲೆ. ಕೆಳಗೆ ‘ಆರ್-600ಎ’. ಅಂದರೆ ಐಸೋಬ್ಯುಟೇನ್. ಅದೂ ಎ3, ಅದೂ ಬೆಂಕಿ ಹಿಡಿಯುವ ಗ್ಯಾಸೇ. ಫ್ರಿಜ್‌ನಲ್ಲಿ ಕೆಲವು ಹತ್ತು ಗ್ರಾಂ ಅಷ್ಟೇ ಇರುತ್ತೆ ಅನ್ನೋದು ಬೇರೆ ಮಾತು. ಸುರಕ್ಷತಾ ಅಧಿಕಾರಿ ಬಗ್ಗಿ ನೋಡಿದರು, ಕನ್ನಡಕ ತೆಗೆದು ಮತ್ತೆ ನೋಡಿದರು. “ಇದು ಇಲ್ಲಿ ಯಾವಾಗಿಂದ ಇದೆ?” ಅಂದರು. ಅವರು ದಿನಾ ಊಟದ ಡಬ್ಬಿ ಇಡುತ್ತಿದ್ದದ್ದೇ ಅದರಲ್ಲಿ.

ಆ ಫ್ರಿಜ್ ಅಲ್ಲಿಗೆ ಬಂದದ್ದೂ ಒಂದು ಹೋರಾಟದಿಂದಲೇ. 1992ರಲ್ಲಿ ಸಿಎಫ್‌ಸಿಗೆ ಬದಲಿ ಅಂದರೆ ಎಚ್‌ಎಫ್‌ಸಿ ಒಂದೇ ಅಂತ ದೊಡ್ಡ ಕಂಪನಿಗಳು ಹೇಳುತ್ತಿದ್ದವು. ಪರಿಸರ ಸಂಘಟನೆ ಗ್ರೀನ್‌ಪೀಸ್ ಬರೀ ವಿರೋಧ ಮಾಡುತ್ತಾ ಕೂರಲಿಲ್ಲ. ಪ್ರೊಪೇನ್-ಬ್ಯುಟೇನ್ ಮಿಶ್ರಣದಲ್ಲಿ ಫ್ರಿಜ್ ನಡೆಯುತ್ತೆ ಅಂತ ಜರ್ಮನಿಯ ಡಾರ್ಟ್ಮುಂಡ್‌ನಲ್ಲಿ ಕೆಲವರು ತೋರಿಸಿದ್ದರು. ಹಿಂದಿನ ಪೂರ್ವ ಜರ್ಮನಿಯಲ್ಲಿ ಮುಚ್ಚುವ ಸ್ಥಿತಿಗೆ ಬಂದಿದ್ದ ಒಂದು ಫ್ರಿಜ್ ಕಾರ್ಖಾನೆ ಇತ್ತು. ಎರಡನ್ನೂ ಸೇರಿಸಿ ‘ಗ್ರೀನ್‌ಫ್ರೀಜ್’ ಅಂತ ಮಾಡಿಸಿದರು. ಫ್ರಿಜ್ ಮಾರುಕಟ್ಟೆಗೆ ಬರುವ ಮೊದಲೇ ಜನರ ಹತ್ತಿರ ಮುಂಗಡ ಬುಕಿಂಗ್ ಮಾಡಿಸಿ, ಸಾವಿರಾರು ಆರ್ಡರ್ ತಂದು ಮುಂದಿಟ್ಟರು. ಅಪಾಯ ಅಪಾಯ ಅಂದಿದ್ದ ಕಂಪನಿಗಳೇ ಸ್ವಲ್ಪ ಕಾಲದಲ್ಲಿ ಅದೇ ದಾರಿಗೆ ಬಂದವು. ಅಮೆರಿಕದಲ್ಲಿ ಮಾತ್ರ ಮನೆ ಫ್ರಿಜ್‌ಗೆ ಇದರ ಅನುಮತಿ ಸಿಗೋಕೆ 2011ರ ತನಕ ಕಾಯಬೇಕಾಯ್ತು. ಬದಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಬೇಕು ಅನ್ನೋದನ್ನು ನಾವು ಕಲಿತದ್ದು ಈ ಕಥೆಯಿಂದ. ಸಮಿತಿಗೂ ಫ್ರಿಜ್ ಮುಂದೆ ನಿಂತೇ ಇದನ್ನು ಹೇಳಿದೆ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಆರ್-22ಕ್ಕೆ ಅಂತ ಮಾಡಿದ ಹಳೇ ಎಸಿಯ ಗ್ಯಾಸ್ ತೆಗೆದು ಅದಕ್ಕೇ ಪ್ರೊಪೇನ್ ತುಂಬಿಸೋಕೆ ಯಾರು ಹೇಳಿದರೂ ಒಪ್ಪಬೇಡಿ. ಕಡಿಮೆ ಖರ್ಚಲ್ಲಿ ಆಗುತ್ತೆ ಅಂತ ನಮಗೂ ಒಬ್ಬರು ಹೇಳಿದರು. ಆ ಯಂತ್ರದ ಸ್ವಿಚ್ಚು, ರಿಲೇ ಯಾವುದೂ ಕಿಡಿ ಹಾರದ ಹಾಗೆ ಮಾಡಿದ್ದಲ್ಲ. ಹೊರಗೆ ಜ್ವಾಲೆಯ ಗುರುತೂ ಇರಲ್ಲ. ಮುಂದಿನ ವರ್ಷ ಬರುವ ಮೆಕ್ಯಾನಿಕ್ ಒಳಗೆ ಆರ್-22 ಇದೆ ಅಂದುಕೊಂಡೇ ಪೈಪ್ ಬೆಸೆಯುವ ಬ್ರೇಜಿಂಗ್ ಟಾರ್ಚ್ ಹಚ್ಚುತ್ತಾನೆ. ಎಸಿಗೆ ತುಂಬುವ ಪ್ರೊಪೇನ್‌ಗೆ ಅಡುಗೆ ಗ್ಯಾಸಿನ ವಾಸನೆಯೂ ಇರಲ್ಲ, ಸೋರಿದ್ದು ಮೂಗಿಗೆ ತಿಳಿಯಲ್ಲ. ಬೇಕಿದ್ದರೆ ಆರ್-290ಕ್ಕೆಂದೇ ತಯಾರಾದ ಯಂತ್ರ ತಗೊಳ್ಳಿ, ಇಲ್ಲದಿದ್ದರೆ ಬೇಡ.

ಸುರಕ್ಷತಾ ಅಧಿಕಾರಿ ಕೊನೆಗೆ ಸಹಿ ಹಾಕಿದರು, ಮೂರು ಷರತ್ತಿನ ಮೇಲೆ. ತೀರಾ ಚಿಕ್ಕ ಕೋಣೆಗೆ ಬೇಡ. ಅಳವಡಿಸುವವರು ಈ ಗ್ಯಾಸಿನ ತರಬೇತಿ ಪಡೆದ ಪ್ರಮಾಣಪತ್ರ ತೋರಿಸಬೇಕು. ಪ್ರತಿ ಯಂತ್ರದ ಹತ್ತಿರ ಜ್ವಾಲೆಯ ಗುರುತು ಕಾಣುವ ಹಾಗೆ ಇರಬೇಕು. ನನ್ನನ್ನು ಕೇಳಿದರೆ ಈ ಇಡೀ ಕೆಲಸದಲ್ಲಿ ನಮಗೆ ಅತಿ ಹೆಚ್ಚು ಉಪಯೋಗವಾದದ್ದು ಅವರ ತಕರಾರೇ.

ಕೊಟೇಶನ್ ಮತ್ತು ಖರ್ಚು

ಮಾರುವವರು ಗ್ಯಾಸಿನ ಹೆಸರು ತಾವಾಗಿ ಬರೆಯಲ್ಲ. ಟನ್ ಎಷ್ಟು, ಸ್ಟಾರ್ ಎಷ್ಟು ಅಂತ ಬರೆಯುತ್ತಾರೆ. ಕೊಟೇಶನ್ ಕೇಳುವ ಪತ್ರದಲ್ಲೇ ಗ್ಯಾಸ್, ಅದರ ತೂಕ, ಓಡಿಪಿ, ಜಿಡಬ್ಲ್ಯೂಪಿಗೆ ಖಾಲಿ ಕಾಲಂ ಇಟ್ಟು ಕಳಿಸಿ. ತುಂಬದೆ ಬಂದದ್ದನ್ನು ವಾಪಸ್ ಕಳಿಸಿ. ನಾವು ಹಾಗೇ ಮಾಡಿದೆವು.

ಎಲ್ಲ ಕಡೆಗೂ ಆರ್-290 ಆಗಲಿಲ್ಲ. ಸಭಾಂಗಣಕ್ಕೆ ಬೇಕಾದ ದೊಡ್ಡ ಯಂತ್ರಕ್ಕೆ ಮಿತಿ ಮೀರಿದ ಗ್ಯಾಸ್ ಬೇಕಿತ್ತು. ಅಲ್ಲಿ ಆರ್-32ಕ್ಕೆ ಒಪ್ಪಿದೆವು. ಓಡಿಪಿ ಸೊನ್ನೆ, ಜಿಡಬ್ಲ್ಯೂಪಿ 675, ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗುಣ. ನನಗೆ ಇದು ಪೂರ್ತಿ ಸಮಾಧಾನ ಇಲ್ಲ. ನಮ್ಮ ಗುಂಪಿನಲ್ಲೇ ಇದರ ಬಗ್ಗೆ ಜೋರು ಜಗಳ ಆಯ್ತು, ಒಬ್ಬರು ಕೆಲವು ದಿನ ಮಾತು ಬಿಟ್ಟಿದ್ದರು. ಆದರೆ 2088 ಇದ್ದ ಕಡೆ 675 ಬರುವಾಗ ಇಡೀ ಕಡತವನ್ನೇ ತಡೆದು ಕೂರೋದು ಸರಿ ಅನಿಸಲಿಲ್ಲ.

ಯಂತ್ರದ ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ನಮ್ಮನ್ನು ಸುಸ್ತು ಮಾಡಿದ್ದು ಯಾರೂ ಮೊದಲು ಹೇಳದ ಖರ್ಚುಗಳು. ಹಳೇ ಗ್ಯಾಸ್ ಹಿಡಿಯುವ ರಿಕವರಿ ಯಂತ್ರದ ಬಾಡಿಗೆ, ಅದಕ್ಕೆಂದೇ ಇರುವ ಸಿಲಿಂಡರ್, ತೂಕದ ಯಂತ್ರ, ಸಾಗಣೆ, ಆಮೇಲೆ ಅದನ್ನು ಶುದ್ಧ ಮಾಡಿಸುವ ಅಥವಾ ನಾಶ ಮಾಡಿಸುವ ಶುಲ್ಕ. ಇದು ಅಂದಾಜುಪಟ್ಟಿಯಲ್ಲಿ ಮೊದಲೇ ಇಲ್ಲದಿದ್ದರೆ ಆಮೇಲೆ ಕೇಳಿದಾಗ ‘ಗಾಳಿಗೆ ಬಿಡೋದಕ್ಕೆ ದುಡ್ಡು ಬೇಡವಲ್ಲ’ ಅಂತಾರೆ. ನಮಗೆ ಹಾಗೇ ಅಂದರು. ಹೆಚ್ಚುವರಿ ಮಂಜೂರಾತಿಗೆ ಮತ್ತೆ ಒಂದು ಸುತ್ತು, ಮತ್ತೆ ಕಾಯುವುದು.

ಬಿಚ್ಚುವ ದಿನ

ಹಳೇ ಯಂತ್ರ ಬಿಚ್ಚೋಕೆ ಬಂದ ಹುಡುಗರು ಕೆಲಸದಲ್ಲಿ ಚುರುಕು. ಬಂದವರೇ ಸ್ಪ್ಯಾನರ್ ತೆಗೆದು ಪೈಪ್ ಜೋಡಿಸಿರುವ ಫ್ಲೇರ್ ನಟ್‌ಗೆ ಕೈ ಹಾಕಿದರು. ನಟ್ ಸಡಿಲ ಮಾಡಿದರೆ ಗ್ಯಾಸ್ ‘ಸುಂಯ್’ ಅಂತ ಹೋಗುತ್ತೆ, ಐದು ನಿಮಿಷದಲ್ಲಿ ಪೈಪ್ ಕತ್ತರಿಸಿ ಹೊರಡಬಹುದು. ಎಲ್ಲೆಡೆ ನಡೆಯೋದು ಹಾಗೇ. ನಾವು ನಿಲ್ಲಿಸಿ ಕರಾರು ಪತ್ರ ತೋರಿಸಿದೆವು.

“ಇದನ್ನೆಲ್ಲ ಯಾರೂ ಕೇಳಲ್ಲ ಮೇಡಂ” ಅಂದ ದೊಡ್ಡವನು, ಬೇಸರದಲ್ಲೇನೂ ಅಲ್ಲ.

“ನಾವು ಕೇಳ್ತಿದ್ದೀವಲ್ಲಪ್ಪ.”

ಆತ ನಕ್ಕು ಗಾಡಿಯಿಂದ ರಿಕವರಿ ಯಂತ್ರ ಇಳಿಸಿದ. ಅದು ಹೇಗೆ ಅಂತ ನೀವೂ ತಿಳಿದಿರಿ, ಪಕ್ಕದಲ್ಲಿ ನಿಂತು ನೋಡೋಕೆ ಬೇಕಾಗುತ್ತೆ. ಎಸಿಯಿಂದ ಒಂದು ಹೋಸ್ ಯಂತ್ರಕ್ಕೆ, ಯಂತ್ರದಿಂದ ಇನ್ನೊಂದು ಸಿಲಿಂಡರಿಗೆ. ಸಿಲಿಂಡರ್ ತೂಕದ ಯಂತ್ರದ ಮೇಲೆ. ಅದನ್ನು ನೂರಕ್ಕೆ 80ಕ್ಕಿಂತ ಹೆಚ್ಚು ತುಂಬಬಾರದು, ಬಿಸಿಲಿಗೆ ಹಿಗ್ಗಿದರೆ ಅಪಾಯ. ಯಂತ್ರ ಗುಂಯ್‌ಗುಡುತ್ತೆ, ಹೋಸಿನ ಮೇಲೆ ತೆಳ್ಳಗೆ ಮಂಜು ಕಟ್ಟುತ್ತೆ, ಗೇಜಿನ ಮುಳ್ಳು ನಿಧಾನಕ್ಕೆ ಸೊನ್ನೆ ದಾಟಿ ಕೆಳಗೆ ಇಳಿಯುತ್ತೆ. ಮುಳ್ಳು ಇಳಿದ ಮೇಲೆ ಸ್ವಲ್ಪ ಹೊತ್ತು ನಿಲ್ಲಿಸಿ ನೋಡಬೇಕು. ಮತ್ತೆ ಮೇಲೆ ಬಂದರೆ ಇನ್ನೂ ಗ್ಯಾಸ್ ಉಳಿದಿದೆ ಅಂತ.

ಕಂಪ್ರೆಸರ್ ಇನ್ನೂ ಓಡುವ ಸ್ಪ್ಲಿಟ್ ಎಸಿಯಾದರೆ ಸುಲಭದ ದಾರಿ ಇದೆ. ಪಂಪ್ ಡೌನ್ ಮಾಡಿ ಗ್ಯಾಸನ್ನೆಲ್ಲ ಹೊರಗಿನ ಯೂನಿಟ್‌ಗೇ ಎಳೆದುಕೊಂಡು ವಾಲ್ವ್ ಮುಚ್ಚಿಬಿಡಬಹುದು. ಆಮೇಲೆ ಯೂನಿಟ್ ಕೆಳಗಿಳಿಸಿ ನೆಲದ ಮೇಲೆ ನಿಧಾನವಾಗಿ ರಿಕವರಿ ಮಾಡಬಹುದು. ಈ ಉಪಾಯ ಹೇಳಿದ್ದು ಆ ಹುಡುಗನೇ. ಅದರಿಂದ ನಮಗೆ ತುಂಬ ಸಮಯ ಉಳಿಯಿತು.

ಪ್ರತಿ ಯಂತ್ರದಿಂದ ಎಷ್ಟು ಬಂತು ಅಂತ ತೂಕ ಬರೆದು, ಪಕ್ಕದಲ್ಲಿ ನೇಮ್ ಪ್ಲೇಟಿನ ತೂಕ ಬರೆದೆವು. ಹೆಚ್ಚಿನವು ತಾಳೆ ಆಗಲಿಲ್ಲ. ಗ್ರಂಥಾಲಯದ ಎಸಿಯಲ್ಲಿ ಸಿಕ್ಕಿದ್ದು ಇರಬೇಕಾದ್ದರ ಅರ್ಧಕ್ಕಿಂತ ಕಡಿಮೆ. ಹಿಂದಿನ ಬೇಸಿಗೆಯಲ್ಲೇ ತುಂಬಿಸಿ ದುಡ್ಡು ಕೊಟ್ಟಿದ್ದ ಎಸಿ ಅದು.

ಬೇರೆ ಬೇರೆ ಗ್ಯಾಸನ್ನು ಒಂದೇ ಸಿಲಿಂಡರಿಗೆ ಹಾಕೋಕೆ ಬಿಡಬೇಡಿ. ಬೆರೆತ ಗ್ಯಾಸನ್ನು ಶುದ್ಧ ಮಾಡಿ ಮತ್ತೆ ಬಳಸೋದು ತುಂಬ ಕಷ್ಟ, ಹೆಚ್ಚಿನ ಸಲ ನಾಶ ಮಾಡಿಸುವುದೇ ಗತಿ. ಖರ್ಚೂ ಜಾಸ್ತಿ. ಸಿಲಿಂಡರ್ ಮೇಲೆ ಗ್ಯಾಸಿನ ಹೆಸರು, ತೂಕ, ತಾರೀಖು ಬರೆದು ಅಂಟಿಸಿ. ಕಳಿಸಿದ ಮೇಲೆ ಅಲ್ಲಿಂದ ರಸೀದಿ ತರಿಸಿಕೊಳ್ಳಿ. ನಮಗೆ ಆ ರಸೀದಿಗೆ ಹೊಸ ಯಂತ್ರ ಬಂದದ್ದಕ್ಕಿಂತ ಹೆಚ್ಚು ಕಾಯಬೇಕಾಯ್ತು. ಫೋನ್ ಮಾಡಿದಾಗಲೆಲ್ಲ ‘ನಾಳೆ’ ಅನ್ನುತ್ತಿದ್ದರು. ಕೊನೆಯ ಕಂತಿನ ಹಣವನ್ನು ರಸೀದಿ ಬಂದ ಮೇಲೆ ಕೊಡುವುದು ಅಂತ ಕರಾರಿನಲ್ಲೇ ಹಾಕಿದ್ದರಿಂದ ಬಂತು. ಈ ಒಂದು ಸಾಲು ನೀವೂ ಹಾಕಿಸಿ.

ಹಳೇ ಫ್ರಿಜ್‌ಗಳದ್ದು ಬೇರೆಯೇ ತೊಡಕು. ಗ್ಯಾಸ್ ತೆಗೆದರೂ ಗೋಡೆಯೊಳಗಿನ ಫೋಮ್‌ನಲ್ಲಿ ಸಿಎಫ್‌ಸಿ-11 ಅಥವಾ ಎಚ್‌ಸಿಎಫ್‌ಸಿ-141ಬಿ ಇರಬಹುದು, ಫೋಮ್ ಉಬ್ಬಿಸೋಕೆ ಹಾಕಿದ್ದು. ಗುಜರಿಯವರು ಒಡೆದರೆ ಅದೂ ಹೊರಗೆ ಹೋಗುತ್ತೆ. ಮುಚ್ಚಿದ ಯಂತ್ರದಲ್ಲಿ ಫೋಮ್ ಬಿಡಿಸುವ ಘಟಕವೇ ಬೇಕು. ಅಂಥ ಘಟಕ ಒಪ್ಪುವ ತನಕ ಆ ಫ್ರಿಜ್‌ಗಳನ್ನು ಗುಜರಿಗೆ ಕೊಡದೆ ಗೋದಾಮಿನಲ್ಲೇ ಇಟ್ಟಿದ್ದೇವೆ. ಜಾಗ ಹಿಡಿಯುತ್ತೆ ಅಂತ ಗೋದಾಮಿನವರು ದಿನಾ ಗೊಣಗುತ್ತಾರೆ.

ಸರ್ವರ್ ಕೋಣೆಯ ಹಾಲಾನ್ ಸಿಲಿಂಡರ್ ಕೂಡ ಇನ್ನೂ ಇಲ್ಲೇ ಇದೆ. ಅದನ್ನು ಗುಜರಿಗೆ ಹಾಕುವಂತಿಲ್ಲ, ‘ಕೆಲಸ ಮಾಡುತ್ತಾ ನೋಡೋಣ’ ಅಂತ ಒತ್ತಿ ನೋಡುವಂತೂ ಇಲ್ಲ. ವಿಮಾನಗಳಂಥ ಕಡೆ ಹಾಲಾನ್‌ಗೆ ಪೂರ್ತಿ ಬದಲಿ ಇನ್ನೂ ಬಂದಿಲ್ಲ. ಹೊಸದು ತಯಾರಾಗದ ಕಾರಣ ಹಳೇದನ್ನೇ ಶುದ್ಧ ಮಾಡಿ ಕೊಡುವ ಹಾಲಾನ್ ಬ್ಯಾಂಕ್‌ಗಳಿವೆ. ಅಲ್ಲಿಗೆ ಕಳಿಸಲು ಸಿಲಿಂಡರಿನ ಒತ್ತಡ ಪರೀಕ್ಷೆಯ ಪತ್ರ ಬೇಕಂತೆ, ನಮ್ಮ ಸಿಲಿಂಡರಿನ ಪರೀಕ್ಷೆಯ ಅವಧಿ ಎಂದೋ ಮುಗಿದಿದೆ. ಆ ಪರೀಕ್ಷೆ ಮಾಡಿಸೋಕೆ ಅದನ್ನು ಸಾಗಿಸಬೇಕು, ಸಾಗಿಸೋಕೆ ಪರೀಕ್ಷೆಯ ಪತ್ರ ಬೇಕು! ಈ ಗಂಟು ಬಿಡಿಸೋಕೆ ಸುರಕ್ಷತಾ ಅಧಿಕಾರಿಯೇ ಈಗ ಪತ್ರ ಬರೆಯುತ್ತಿದ್ದಾರೆ. ಅವರ ಸಹಿ ಇದ್ದರೆ ನನ್ನದಕ್ಕಿಂತ ಬೇಗ ಉತ್ತರ ಬರುತ್ತೆ. ಯಾರಾದರೂ ಹಳೇ ಹಾಲಾನ್ ಸಿಲಿಂಡರ್ ಕಳಿಸಿದ ಅನುಭವ ಇದ್ದರೆ ದಯವಿಟ್ಟು ತಿಳಿಸಿ.